ಅಕ್ಕನಿಗೆ ಬಿಸಿಲು ಕಲಿಸಿದ್ದು

ಸಸಿಗೆ ಬಿಸಿಲು ಕಲಿಸಬೇಕು ಎನ್ನುವುದು ಅಪ್ಪನ ಮಾತು. ಬೇರೆ ನರ್ಸರಿಯವರು ಇದನ್ನೇ ಸಸಿ ಗಟ್ಟಿ ಮಾಡುವುದು ಎನ್ನುತ್ತಾರೆ. ಹಸಿರು ಪರದೆಯ ಕೆಳಗೆ ತಂಪಿನಲ್ಲಿ, ಹೊತ್ತುಹೊತ್ತಿಗೆ ನೀರು ಕುಡಿದು ಬೆಳೆದ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ಸೀದಾ ಹೊಲಕ್ಕೆ ಒಯ್ದು ನೆಟ್ಟರೆ ಒಂದೇ ಹಗಲಿಗೆ ಎಲೆ ಬಿಳಿಚಿ, ಒಣಕಾಗದದಂತೆ ಮುದುಡಿಹೋಗುತ್ತದೆ. ಅದಕ್ಕೇ ಮಾರುವ ಮುಂಚೆ ಟ್ರೇಗಳನ್ನು ಪರದೆಯಿಂದ ಹೊರಗೆ ತರುವುದು. ಮೊದಲ ಸಲ ಮೋಡ ನೋಡಿಕೊಂಡು ಸ್ವಲ್ಪ ಹೊತ್ತು, ಮರುದಿನ ಇನ್ನೂ ಸ್ವಲ್ಪ ಹೊತ್ತು, ಆಮೇಲೆ ಎಳೆಬಿಸಿಲು, ಕೊನೆಗೆ ಇಡೀ ಹಗಲು. ಅಷ್ಟರೊಳಗೆ ಕಾಂಡಕ್ಕೆ ನೇರಳೆ ಬಣ್ಣ ಏರಿರುತ್ತದೆ, ಎಲೆ ದಪ್ಪಗಾಗಿರುತ್ತದೆ.

"ನೋಡು, ತನ್ನ ಕಂಬಳಿ ತಾನೇ ನೇಯ್ಕೊಂಡ್ತು," ಎಂದು ಅಪ್ಪ ಸಸಿಯ ಎಲೆಯೊಂದನ್ನು ಎರಡು ಬೆರಳಿನಲ್ಲಿ ಹಿಡಿದು ಹೇಳುತ್ತಿದ್ದ, ಕೂಸಿನ ಕೆನ್ನೆ ಹಿಡಿದ ಹಾಗೆ.

ಇದಕ್ಕೆಲ್ಲ ಅವನಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ಬೆಳಿಗ್ಗೆ ಅಂಗಳಕ್ಕೆ ಬಂದು ತೋಳು ಮಡಿಚಿ, ಅಂಗೈ ಕೆಳಗೆ ಮಾಡಿ, ಮುಂಗೈಯನ್ನು ಆಕಾಶಕ್ಕೆ ಒಡ್ಡಿ ನಿಲ್ಲುತ್ತಿದ್ದ. ಚರ್ಮಕ್ಕೆ ಬಿಸಿ ತಾಗದಿದ್ದರೆ ಎಳೆಯ ಸಸಿ ಹೊರಗೆ. ತಾಗಿದರೆ ಒಳಗೆ. ಅವನ ಕೈಯಲ್ಲಿ ಸಸಿ ಸುಟ್ಟದ್ದನ್ನು ಯಾರೂ ಕಂಡಿರಲಿಲ್ಲ. ವಾರಕ್ಕೊಮ್ಮೆ ಟ್ರೇ ಒಯ್ಯಲು ಬರುವ ಬೀಜದಂಗಡಿಯವರು, "ನಿಮ್ಮ ಸಸಿ ಬಿಡಿ, ಕಾಲಲ್ಲಿ ತುಳಿದರೂ ಎದ್ದು ನಿಲ್ಲುತ್ತೆ," ಎಂದು ಹೊಗಳಿಯೇ ವ್ಯಾನು ಹತ್ತುವುದು.

ನರ್ಸರಿಗೆ ಅಂಟಿಕೊಂಡಿದ್ದ ಆ ಮನೆಯಲ್ಲಿ ಇದ್ದದ್ದು ಅಪ್ಪ, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ಅಲ್ಲೇ ಉಳಿದ ಅತ್ತೆ, ಅಕ್ಕ ಮತ್ತು ಗುಮ್ಮಿ. ಮಕ್ಕಳಿಬ್ಬರೂ ಚಿಕ್ಕವರಿದ್ದಾಗಲೇ ತಾಯಿ ತೀರಿಹೋಗಿದ್ದಳು. ಗುಮ್ಮಿ ಎನ್ನುವುದು ಇಟ್ಟ ಹೆಸರಲ್ಲ. ಕೇಳಿದ್ದಕ್ಕೂ ಉತ್ತರ ಕೊಡದೆ ಕಣ್ಣು ಬಿಟ್ಟುಕೊಂಡು ನಿಲ್ಲುವ ಹುಡುಗಿಯನ್ನು ಅತ್ತೆ ಗುಮ್ಮನಗುಸುಕಿ ಎಂದು ಬೈಯುತ್ತಿದ್ದಳು. ಅಕ್ಕ ಅದನ್ನು ಕತ್ತರಿಸಿ ಗುಮ್ಮಿ ಮಾಡಿದಳು. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಗುಮ್ಮಿಗೆ ಗಂಟಲು ಕಟ್ಟುತ್ತಿತ್ತು. ಒಂದು ದಿನ ಚೀಲ ಮೂಲೆಗಿಟ್ಟು, ಬೀಜ ಹಾಕುವ ಬೆಂಚಿನ ಮುಂದೆ ಕೂತಳು. ಟ್ರೇಯ ಗುಳಿಗೊಂದು ಬೀಜ, ಮೇಲೆ ಒಂದು ಚಿಟಿಕೆ ತೆಂಗಿನ ನಾರಿನ ಪುಡಿ. ಆ ಕೆಲಸ ಬಾಯಿ ಕೇಳುವುದಿಲ್ಲ.

ಅಕ್ಕ ಹಾಗಲ್ಲ. ಅವಳು ಸಸಿಗಳ ಜೊತೆಗೂ ಜಗಳವಾಡುವವಳು. ಗಿರಾಕಿ ಚೌಕಾಸಿ ಮಾಡಿದರೆ, "ಅಯ್ಯೋ, ಇವಳನ್ನ ಇನ್ನೂ ಕಡಿಮೆಗೆ ಕಳಿಸಿದ್ರೆ ದಾರಿಲೇ ಅತ್ತುಬಿಡ್ತಾಳೆ," ಎಂದು ಎಲೆಕೋಸಿನ ಟ್ರೇಯನ್ನು ಎದೆಗವಚಿಕೊಳ್ಳುವಳು. ಗಿರಾಕಿ ನಕ್ಕು ಕೇಳಿದಷ್ಟು ಕೊಟ್ಟು ಹೋಗುವನು. ಬೆಳಗಿನಿಂದ ಸಂಜೆಯವರೆಗೆ ಟ್ರೇ ಹೊತ್ತು ಒಳಗೆ ಹೊರಗೆ ಓಡಾಡುತ್ತಿದ್ದವಳು ಅವಳೇ.

ಅವಳ ಕೆನ್ನೆಗೂ ಮೂಗಿನ ಮೇಲೂ ಕೆಂಪು ಬಂದಾಗ ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಿಸಿಲಿಗೆ ಎಂದರು. ಆಮೇಲೆ ಬೆರಳಿನ ಗಂಟುಗಳು ಹಿಡಿದುಕೊಂಡವು. ಬಾಚಣಿಗೆಯ ತುಂಬ ಕೂದಲು ಬಂತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಇದು ಲೂಪಸ್, ಮೈ ತನ್ನ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆ, ಬಿಸಿಲು ಬಿದ್ದರೆ ಕೆರಳುತ್ತದೆ ಎಂದರು.

"ಹೆಸರು ಚೆನ್ನಾಗಿದೆ," ಎಂದಳು ಅಕ್ಕ. "ಹೊಸ ತಳಿ ಟೊಮೆಟೊ ಥರ ಇದೆ."

ಡಾಕ್ಟರಮ್ಮ ನಗಲಿಲ್ಲ. "ಬಿಸಿಲು ಬೇಡವೇ ಬೇಡಮ್ಮ. ಮಾತ್ರೆ ತಪ್ಪಿಸಬೇಡ. ಇವೆರಡು ಮಾಡಿದ್ರೆ ನೂರು ವರ್ಷ ಬದುಕ್ತೀಯ."

ಅಲ್ಲಿಂದ ಅಕ್ಕ ಒಳಕೋಣೆ ಸೇರಿದಳು. ಅಪ್ಪ ಕಿಟಕಿಯ ಗಾಜಿಗೆ ಕಂದು ಕಾಗದ ಅಂಟಿಸಿದ. ಮಾತ್ರೆ ಕೆಲಸ ಮಾಡಿತು. ಕೆಂಪು ಇಳಿಯಿತು, ಬೆರಳು ಮಡಚಲು ಬಂತು, ಹಣೆಯ ಅಂಚಿಗೆ ಮರಿಗೂದಲು ಕೂಡ ಮೂಡಿತು. ಆದರೆ ಅಕ್ಕ ಜೋಕು ಮಾಡುವುದನ್ನು ನಿಲ್ಲಿಸಿದಳು. ಹೊರಗೆ ಗಿರಾಕಿಗಳ ದನಿ ಕೇಳಿದರೆ ಕಾಗದದ ಅಂಚನ್ನು ಉಗುರಿನಿಂದ ಎಬ್ಬಿಸಿ ಇಣುಕುವಳು, ಮತ್ತೆ ಎಂಜಲು ಹಚ್ಚಿ ಅಂಟಿಸುವಳು. ಗುಮ್ಮಿ ಪಕ್ಕದಲ್ಲಿ ಕೂತು ಸುಮ್ಮನೆ ನೋಡುವಳು. ಒಂದು ವರ್ಷ ಹೀಗೆ ಹೋಯಿತು. ಅಪ್ಪ ಊಟದ ತಟ್ಟೆ ಹಿಡಿದು ಅವಳ ಕೋಣೆಯ ಬಾಗಿಲಿನವರೆಗೆ ಹೋಗಿ, ಅವಳ ಮುಖ ನೋಡಲಾರದೆ ಗುಮ್ಮಿಯ ಕೈಗೆ ತಟ್ಟೆ ಕೊಟ್ಟು ತಿರುಗಿಬಿಡುತ್ತಿದ್ದ.

ಚಳಿಗಾಲದ ಕೊನೆಯಲ್ಲಿ ಉಗ್ರಾಣ ಗುಡಿಸುವಾಗ ಗೊಬ್ಬರದ ಚೀಲಗಳ ಹಿಂದೆ ಮರೆತುಹೋದ ಒಂದು ಬದನೆ ಟ್ರೇ ಸಿಕ್ಕಿತು. ಕತ್ತಲಲ್ಲೇ ಮೊಳೆತ ಸಸಿಗಳು ದಾರದಂತೆ ಉದ್ದಕ್ಕೆ ಬೆಳೆದು, ಬಣ್ಣವಿಲ್ಲದೆ, ಒಂದರ ಮೇಲೊಂದು ಒರಗಿದ್ದವು. ಅಪ್ಪ ಆ ಟ್ರೇಯನ್ನು ಹಾಗೇ ತಂದು ಊಟದ ಮೇಜಿನ ಮೇಲಿಟ್ಟ.

"ಇದೇನು ಅಣ್ಣ, ಸಾರಿಗೆ ಹಾಕೋದಾ?" ಎಂದಳು ಅತ್ತೆ.

"ನೋಡು ಇದನ್ನ," ಎಂದ ಅಪ್ಪ. "ನಮ್ಮ ಹುಡುಗಿ ಹೀಗೇ ಆಗ್ತಾ ಇದಾಳೆ. ಕಾಯಿಲೆ ಹೋಗಿದೆ. ಬಿಸಿಲೊಂದು ಮರೆತುಹೋಗಿದೆ ಅಷ್ಟೆ. ಕಲಿಸಿದ್ರೆ ಕಲೀತಾಳೆ."

"ಅವಳೇನು ಬದನೆ ಗಿಡಾನಾ?"

"ಎಲೆಗೂ ಚರ್ಮ ಇರುತ್ತೆ, ಮನುಷ್ಯರಿಗೂ ಚರ್ಮ ಇರುತ್ತೆ. ಒಂದೇ ಸಲ ಹೊರಗೆ ಹಾಕಿದ್ರೆ ಸುಡುತ್ತೆ, ಸ್ವಲ್ಪ ಸ್ವಲ್ಪ ತೋರಿಸಿದ್ರೆ ಗಟ್ಟಿ ಆಗುತ್ತೆ. ಇಷ್ಟು ವರ್ಷ ನಾನು ಮಾಡ್ತಿರೋದೇನು?"

"ಡಾಕ್ಟರಮ್ಮ ಬೇಡ ಅಂತ ಬಡ್ಕೊಂಡಿದಾರೆ."

"ಬಿಸಿಲು ಬೇಡ ಅಂದಿದಾರೆ. ನಾನೆಲ್ಲಿ ಬಿಸಿಲಿಗೆ ಕರ್ಕೊಂಡ್ಹೋಗ್ತೀನಿ? ಮೋಡ ಇದ್ದ ದಿನ ಮಾತ್ರ. ನನ್ನ ಮುಂಗೈಗೆ ಬಿಸಿ ತಾಗದಿದ್ದ ದಿನ ಮಾತ್ರ."

ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಒಳಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ.

"ಯಾವತ್ತಿಂದ ಅಪ್ಪ?" ಎಂದಳು.

ಅವಳ ದನಿ ಕೇಳಿ ಅತ್ತೆ ತೆರೆದ ಬಾಯಿ ಮುಚ್ಚಿಕೊಂಡಳು.

ಎರಡು ದಿನ ಬಿಟ್ಟು ಮೋಡ ಬಂತು. ಮಳೆಯ ಕಪ್ಪು ಮೋಡವಲ್ಲ, ಆಕಾಶದ ತುಂಬ ಹಿಟ್ಟು ಜರಡಿ ಹಿಡಿದಂಥ ತೆಳುವಾದ ಬಿಳಿ ಮೋಡ. ಗಾಳಿ ತಣ್ಣಗಿತ್ತು. ಅಪ್ಪ ಅಂಗಳದಲ್ಲಿ ಮುಂಗೈ ಒಡ್ಡಿ ತುಂಬ ಹೊತ್ತು ನಿಂತ. ಆಮೇಲೆ ತಾನೇ ಕುರ್ಚಿ ತಂದು ಟ್ರೇಗಳ ನಡುವೆ, ಕಳೆ ಬಾರದಿರಲಿ ಎಂದು ನೆಲಕ್ಕೆ ಹಾಸಿದ್ದ ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿದ. ಅಕ್ಕ ಒಂದು ವರ್ಷದ ಮೇಲೆ ಹಗಲಿನಲ್ಲಿ ಹೊಸ್ತಿಲು ದಾಟಿದಳು. ಕಣ್ಣು ಕುಕ್ಕಿ ನೀರು ಬಂತು. ಅದನ್ನು ಒರೆಸಿಕೊಳ್ಳುತ್ತಲೇ ಪಕ್ಕದ ಟ್ರೇಯತ್ತ ಬಗ್ಗಿ, "ಏನ್ರಮ್ಮ, ನೀವೂ ಹೊಸಬರಾ? ಹೆದರ್ಬೇಡಿ, ಮೇಷ್ಟ್ರು ಒಳ್ಳೆಯವರು," ಎಂದಳು.

ಅಪ್ಪ ನಕ್ಕ. ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಗುಮ್ಮಿಗೆ ನಗು ಬರುವ ಬದಲು ಅಳು ಬಂತು. ಅವಳು ಬೆಂಚಿನ ಕಡೆಗೆ ತಿರುಗಿ ಬೀಜ ಹಾಕತೊಡಗಿದಳು.

ಕುರ್ಚಿ ಬೆಚ್ಚಗಾಗುವ ಮುಂಚೆಯೇ ಅಪ್ಪ, "ಇವತ್ತಿಗೆ ಸಾಕು, ಎದ್ದೇಳು," ಎಂದ. ಮತ್ತೆ ಮೋಡ ಬಂದ ದಿನ ಇನ್ನು ಸ್ವಲ್ಪ ಹೆಚ್ಚು ಹೊತ್ತು. ಅದರ ಮುಂದಿನ ಸಲ ಇನ್ನೂ ಹೆಚ್ಚು. ಬಿಸಿಲು ಕಂಡರೆ ಅವನೇ ಕೋಣೆಯ ಬಾಗಿಲು ಮುಂದೆ ಮಾಡಿ, ಕಾಗದ ಎದ್ದಿದೆಯೇ ಎಂದು ನೋಡಿ ಹೋಗುತ್ತಿದ್ದ. ಅವನಷ್ಟು ಜೋಪಾನ ಮಾಡುವವರು ಬೇರೆ ಯಾರೂ ಇರಲಾರರು ಎಂದು ಗುಮ್ಮಿಗೆ ಅನ್ನಿಸುತ್ತಿತ್ತು. ಚಳಿ ಹಿಂದೆ ಸರಿದು ದಿನಗಳು ಉದ್ದವಾಗುತ್ತಿದ್ದವು. ಸೂರ್ಯ ಮೇಲೆ ಮೇಲೆ ಏರುತ್ತಿದ್ದ. ಗಾಳಿ ಮಾತ್ರ ಇನ್ನೂ ತಣ್ಣಗೇ ಇತ್ತು, ಅಪ್ಪನ ಮುಂಗೈಗೆ ಏನೂ ತಾಗುತ್ತಿರಲಿಲ್ಲ.

ಅಕ್ಕ ಮತ್ತೆ ಗಿರಾಕಿಗಳ ಬಾಯಿಗೆ ಬಾಯಿ ಕೊಡತೊಡಗಿದಳು. ಬೀಜದಂಗಡಿಯವರು ಬಂದು, "ಇದೇನಮ್ಮ, ಮಹಾರಾಣಿ ಸಿಂಹಾಸನ ಹಾಕಿಸ್ಕೊಂಡು ಕೂತಿದೀರಿ?" ಎಂದರೆ, "ಹೂಂ, ಕಪ್ಪ ಕಾಣಿಕೆ ಅಲ್ಲಿಟ್ಟು ಹಿಂದೆ ಹಿಂದೆ ನಡೀರಿ," ಎಂದು ಕೈ ಬೀಸಿದಳು. ಅವತ್ತು ಅಪ್ಪ ಎರಡು ತುತ್ತು ಹೆಚ್ಚು ಉಂಡ.

ಕೆಂಪನ್ನು ಮೊದಲು ಕಂಡವಳು ಗುಮ್ಮಿ. ಸಂಜೆ ಅಕ್ಕ ಮುಖ ತೊಳೆದು ಒರೆಸಿಕೊಳ್ಳುತ್ತಿದ್ದಾಗ ಎರಡೂ ಕೆನ್ನೆಯಲ್ಲಿ, ಮೂಗಿನ ಮೇಲೆ, ಯಾರೋ ಒದ್ದೆ ಬೆರಳಿನಿಂದ ಎಳೆದ ಹಾಗೆ ಬಣ್ಣ ನಿಂತಿತ್ತು.

"ಅಕ್ಕ. ಕೆನ್ನೆ."

"ಬಿಸಿನೀರು ಕಣೇ."

ಮಾರನೆಯ ಬೆಳಿಗ್ಗೆಯೂ ಅದು ಇತ್ತು. ಗುಮ್ಮಿ ಕೇಳಲಿಲ್ಲ, ಎದುರಿಗೆ ನಿಂತು ನೋಡಿದಳು. ಅಕ್ಕ ಅವಳ ಮೊಣಕೈ ಹಿಡಿದು ಒಳಗೆಳೆದು ಬಾಗಿಲು ಹಾಕಿದಳು.

"ಹಾಗೆ ನೋಡ್ಬೇಡ. ಗಟ್ಟಿ ಆಗೋ ಮುಂಚೆ ಎಲೆನೂ ಸ್ವಲ್ಪ ಬಾಡುತ್ತೆ, ಅಪ್ಪನೇ ಹೇಳ್ತಾನಲ್ಲ? ಇದೂ ಹಾಗೇ." ಆಮೇಲೆ ದನಿ ತಗ್ಗಿತು. "ಗುಮ್ಮಿ, ಅಪ್ಪನಿಗೆ ಗೊತ್ತಾದ್ರೆ ಮತ್ತೆ ಒಳಗೆ ಹಾಕ್ತಾನೆ ಕಣೇ. ಈ ಸಲ ಒಳಗೆ ಹೋದ್ರೆ ನನ್ನ ಕೈಲಿ ಆಗಲ್ಲ."

ಅವಳು ಪೌಡರ್ ಡಬ್ಬಿ ತೆಗೆದು ಮುಖಕ್ಕೆ ದಪ್ಪಗೆ ಹಚ್ಚಿಕೊಂಡಳು. ಅತ್ತೆ ನೋಡಿ, "ಏನೇ, ಹಿಟ್ಟಿನ ಡಬ್ಬಕ್ಕೆ ಬಿದ್ದೆಯಾ?" ಎಂದಳು. ಅಕ್ಕ ನಕ್ಕಳು. ಗುಮ್ಮಿ ಮಾತಾಡಲಿಲ್ಲ. ಅವಳು ಮಾತಾಡದಿರುವುದು ಆ ಮನೆಯಲ್ಲಿ ಯಾರಿಗೂ ಹೊಸದಾಗಿರಲಿಲ್ಲ, ಹಾಗಾಗಿ ಯಾಕೆ ಎಂದು ಯಾರೂ ಕೇಳಲಿಲ್ಲ.

ಆಮೇಲಿನ ಮೋಡದ ದಿನಗಳಲ್ಲೂ ಅಕ್ಕ ಹೊರಗೆ ಕೂತಳು. ಜ್ವರ ಬಂದರೆ ಮಾತ್ರೆ ನುಂಗಿ ಕೂತಳು. ಬೆರಳು ಮತ್ತೆ ಹಿಡಿದುಕೊಂಡಾಗ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು. ಕೊನೆಗೆ ಒಂದು ಬೆಳಿಗ್ಗೆ ಚಪ್ಪಲಿಯಲ್ಲಿ ಕಾಲು ತೂರಲಿಲ್ಲ. ಅತ್ತೆ ಬಗ್ಗಿ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೇ ನಿಂತಿತು.

"ಅಣ್ಣಾ," ಎಂದು ಅತ್ತೆ ಕೂಗಿದ ಕೂಗಿಗೆ ಅಪ್ಪ ನೀರಿನ ಪೈಪನ್ನು ಹರಿಯುತ್ತಿದ್ದ ಹಾಗೇ ಎಸೆದು ಬಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆಯ ಕಾಗದಗಳನ್ನು ಎರಡು ಸಲ ನೋಡಿದರು. ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿದೆ ಎಂದರು. ಹಾಸಿಗೆಯ ಒಂದು ಪಕ್ಕದಲ್ಲಿ ಅಪ್ಪ ಇದ್ದ, ಕಾಲ ಬಳಿ ಗುಮ್ಮಿ ನಿಂತಿದ್ದಳು.

"ಮಾತ್ರೆ ತಪ್ಪಿಸಿದ್ದೀರಾ?"

"ಇಲ್ಲ," ಎಂದ ಅಪ್ಪ. "ನಾನೇ ಎದುರಿಗೆ ನಿಂತು ನುಂಗಿಸ್ತೀನಿ."

"ಬಿಸಿಲು?"

"ಇಲ್ವೇ ಇಲ್ಲ ಡಾಕ್ಟ್ರೇ. ಮೋಡ ಇದ್ದ ದಿನ ಸ್ವಲ್ಪ ಹೊತ್ತು ಹೊರಗೆ ಕೂರಿಸ್ತಿದ್ದೆ, ಅಷ್ಟೆ. ಬಿಸಿ ಇಲ್ಲದ ದಿನ ನೋಡಿ…"

ಡಾಕ್ಟರಮ್ಮ ಕನ್ನಡಕ ತೆಗೆದರು. "ಯಜಮಾನ್ರೇ, ಬಿಸಿ ಬೇರೆ, ಸುಡೋ ಕಿರಣ ಬೇರೆ. ಮೋಡ ಬಿಸಿ ತಡೆಯುತ್ತೆ. ಆ ಕಿರಣ ಕಣ್ಣಿಗೂ ಕಾಣಲ್ಲ, ಮೈಗೂ ತಾಗಲ್ಲ. ತೆಳು ಮೋಡ ಆದ್ರೆ ಮುಕ್ಕಾಲು ಪಾಲು ಹಾಗೇ ದಾಟಿ ಬರುತ್ತೆ. ಅದ್ರಲ್ಲೂ ಚಳಿ ಮುಗಿದು ಸೂರ್ಯ ಮೇಲಕ್ಕೆ ಬರೋ ಈ ದಿನಗಳಲ್ಲಿ ಗಾಳಿ ತಣ್ಣಗಿರುತ್ತೆ, ಜನಕ್ಕೆ ಗೊತ್ತೇ ಆಗಲ್ಲ. ಎಷ್ಟು ಸಲ ಕೂರಿಸಿದ್ರಿ?"

ಅಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಅವನ ಮುಖದಿಂದ ರಕ್ತ ಇಳಿದುಹೋಗುವುದನ್ನು ಗುಮ್ಮಿ ಕಂಡಳು. ಅಕ್ಕನೂ ಕಂಡಳು.

"ಅಪ್ಪಂದೇನಿಲ್ಲ ಡಾಕ್ಟ್ರೇ," ಎಂದಳು ಅಕ್ಕ ದಿಂಬಿನಿಂದ ತಲೆ ಎತ್ತಿ. "ಅವನಿಗೆ ಗೊತ್ತಿಲ್ಲ. ಮಧ್ಯಾಹ್ನ ಅವನು ನರ್ಸರಿಯಲ್ಲಿ ಇರ್ತಿದ್ದ, ಅತ್ತೆ ಮಲಗ್ತಿದ್ರು. ಆವಾಗ ನಾನು ಟೆರೇಸಿಗೆ ಹೋಗಿ ಬಿಸಿಲಲ್ಲಿ ಕೂತ್ಕೊಳ್ತಿದ್ದೆ. ದಿನಾ."

ಪ್ರತಿ ಮಧ್ಯಾಹ್ನ ಆ ಕೋಣೆಯಲ್ಲಿ ಅಕ್ಕನ ಪಕ್ಕದಲ್ಲಿ ಕೂತು ಬೀಜ ಆರಿಸುತ್ತಿದ್ದವಳು ಗುಮ್ಮಿಯೇ. ಟೆರೇಸಿನ ಬಾಗಿಲಿನ ಬೀಗ ತುಕ್ಕು ಹಿಡಿದು ತೆಗೆಯಲೇ ಬರುತ್ತಿರಲಿಲ್ಲ.

"ನಡುಮಧ್ಯಾಹ್ನದ ಬಿಸಿಲಲ್ಲಾ?" ಡಾಕ್ಟರಮ್ಮನ ದನಿ ಏರಿತು. "ಹಾಗಾದ್ರೆ ಇನ್ನೇನಾಗುತ್ತೆ? ಏನಮ್ಮ ನೀನು, ಓದುಬರಹ ಬಲ್ಲವಳು!"

ಅಪ್ಪ ತಲೆ ಎತ್ತಿದ. ಅವನ ಮುಖಕ್ಕೆ ರಕ್ತ ವಾಪಸು ಬಂದಿತ್ತು, ಸಿಟ್ಟಾಗಿ. "ದಿನಾನಾ? ನಾನು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಒಂದೊಂದು ಮೋಡ ನೋಡಿ ನೋಡಿ ನಿನ್ನನ್ನ ಹೊರಗೆ ತಂದ್ರೆ, ನೀನು ನನ್ನ ಬೆನ್ನ ಹಿಂದೆ ಬಿಸಿಲು ಕಾಯಿಸ್ತಿದ್ದೆಯಾ? ಅಷ್ಟು ಕೊಬ್ಬಾ ನಿನಗೆ?" ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವನು ಹೊರಗೆ ಹೋಗಿಬಿಟ್ಟ.

ಅಕ್ಕ ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಡಾಕ್ಟರಮ್ಮ ಹೋದ ಮೇಲೆ ಗುಮ್ಮಿ ಹಾಸಿಗೆಯ ಅಂಚಿನಲ್ಲಿ ಕೂತಳು.

"ಯಾಕಕ್ಕ?"

"ಅವನ ಮುಖ ನೋಡಿದ್ಯಲ್ಲ." ಅಕ್ಕನ ಉಸಿರು ಮಾತಿನ ನಡುವೆ ನಿಲ್ಲುತ್ತಿತ್ತು. "ಸಿಟ್ಟು ಬಂದ್ರೆ ಮನುಷ್ಯ ಊಟ ಮಾಡ್ತಾನೆ, ಕೂಗಾಡ್ತಾನೆ, ಬದುಕ್ತಾನೆ. ನನ್ನಿಂದಲೇ ಹೀಗಾಯ್ತು ಅನ್ನಿಸಿದ್ರೆ… ಬೇಡ. ನನ್ನನ್ನೇ ಬೈಲಿ."

"ಸುಳ್ಳಲ್ವಾ?"

"ಸುಳ್ಳೇ. ನೀನು ಯಾರಿಗೂ ಹೇಳ್ಬೇಡ. ನಿನಗೇನು ಕಷ್ಟ, ನೀನು ಹೇಗೂ ಬಾಯಿ ಬಿಡಲ್ಲ." ಅಕ್ಕ ನಗಲು ನೋಡಿದಳು. ತುಟಿ ಒಡೆದಿತ್ತು.

ಅವಳು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಅಷ್ಟು ದಿನವೂ ಅಪ್ಪ ಹೊತ್ತಿಗೆ ಸರಿಯಾಗಿ ಬಂದ, ಔಷಧ ತಂದ, ಕಾಲು ಒತ್ತಿದ, ಆದರೆ ಅವಳ ಜೊತೆ ಮಾತಾಡಲಿಲ್ಲ. ಮಾತಾಡಿದರೆ ಬೈಗುಳವೇ. "ಹೇಳಿದ್ದು ಕೇಳಿದ್ರೆ ಇವತ್ತು ಇಲ್ಲಿರ್ತಿದ್ದೆಯಾ?" ಎಂದು ಕಾಲು ಒತ್ತುತ್ತಲೇ ಗೊಣಗುವನು. ಅಕ್ಕ, "ಇಲ್ಲ ಅಪ್ಪ," ಎನ್ನುವಳು. ಒಂದು ಮುಂಜಾನೆ ಅವನು ಹಾಲು ತರಲು ಹೋಗಿದ್ದಾಗ ಅವಳ ಉಸಿರು ನಿಂತಿತು. ಹಾಲಿನ ಪಾತ್ರೆ ಹಿಡಿದು ಬಂದವನು ಅದನ್ನು ಯಾರ ಕೈಗೂ ಕೊಡದೆ, ಕೆಳಗೂ ಇಡದೆ, ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದ.

ಅಪ್ಪ ಬದುಕಿದ. ಅಕ್ಕ ಹೇಳಿದಂತೆಯೇ ಆಯಿತು. ಮನೆಗೆ ಬಂದವರ ಮುಂದೆಲ್ಲ ಅವನದು ಒಂದೇ ಮಾತು: "ನಾನು ಎಲ್ಲ ಸರಿಯಾಗೇ ಮಾಡಿದ್ದೆ. ಮಾತು ಕೇಳಲಿಲ್ಲ. ಕದ್ದು ಬಿಸಿಲಿಗೆ ಹೋದಳು." ಅತ್ತೆಯೂ ಅಳುತ್ತಲೇ ಅದಕ್ಕೆ ದನಿಗೂಡಿಸುವಳು. "ಹಠಮಾರಿ. ಚಿಕ್ಕಂದಿನಿಂದ ಹಾಗೇ. ನಾನೊಬ್ಬಳು ಮಧ್ಯಾಹ್ನ ಮಲಗದೇ ಇದ್ದಿದ್ರೆ…" ಅಂದಿನಿಂದ ಅತ್ತೆ ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ಅಡುಗೆಮನೆಯಲ್ಲಿ ಕೂತು ತೂಕಡಿಸುವಳು, ಬೆಚ್ಚಿ ಏಳುವಳು.

ಇದನ್ನೆಲ್ಲ ಕೇಳಿಸಿಕೊಂಡು ಗುಮ್ಮಿ ಬೀಜ ಹಾಕುವಳು. ಸತ್ತವಳನ್ನು ಮನೆಯವರೇ ದಿನಾ ಬೈಯುವುದನ್ನು ಕೇಳುವುದು ಎಂದರೆ ಬಾಯಲ್ಲಿ ಕೆಂಡ ಇಟ್ಟುಕೊಂಡ ಹಾಗಿತ್ತು. ಉಗುಳಿದರೆ ಅಪ್ಪನ ಮೇಲೆ ಬೀಳುತ್ತದೆ. ಎಷ್ಟೋ ಸಲ ಅವಳು ಅಪ್ಪನ ಬೆನ್ನ ಹಿಂದೆ ಹೋಗಿ ನಿಂತಿದ್ದುಂಟು. ಅವನು ತಿರುಗಿ, "ಏನೇ?" ಎಂದರೆ, "ನೀರು ಬಿಡ್ಲಾ?" ಎಂದು ಕೇಳಿ ಬಂದುಬಿಡುತ್ತಿದ್ದಳು. ಅವನು ಉಣ್ಣುತ್ತಿದ್ದ, ಮುಂಗೈ ಒಡ್ಡಿ ಆಕಾಶ ನೋಡುತ್ತಿದ್ದ, ಸಸಿಗಳನ್ನು ಹೊರಗೆ ಒಳಗೆ ಮಾಡುತ್ತಿದ್ದ. ಅಕ್ಕ ಕೊಂಡುಕೊಟ್ಟ ಬದುಕು ಅದು. ಅದನ್ನು ಕಿತ್ತುಕೊಳ್ಳಲು ತಾನು ಯಾರು ಎನ್ನಿಸುತ್ತಿತ್ತು.

ಮತ್ತೊಂದು ಚಳಿಗಾಲ ಮುಗಿಯುತ್ತಾ ಬಂತು. ಬೀಜದಂಗಡಿಯವರು ಕೆಲವು ವಾರ ಬಂದಿರಲಿಲ್ಲ, ಕೆಲಸದವನನ್ನು ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಅವರೇ ವ್ಯಾನಿನಲ್ಲಿ ಬಂದರು. ಅವರ ಪಕ್ಕದ ಸೀಟಿನಲ್ಲಿ ಹೆಂಡತಿ ಕೂತಿದ್ದರು, ತಲೆಯಿಂದ ಕತ್ತಿನವರೆಗೆ ಶಾಲು ಸುತ್ತಿಕೊಂಡು.

"ಆಸ್ಪತ್ರೆಗೆ ಹೋಗಿದ್ವಿ," ಎಂದರು ಬೀಜದಂಗಡಿಯವರು ಅಪ್ಪನಿಗೆ. ಎಂದಿನ ಹೊಗಳಿಕೆ, ನಗೆ ಯಾವುದೂ ಇರಲಿಲ್ಲ. "ನಿಮ್ಮ ದೊಡ್ಡ ಮಗಳಿಗೆ ಬಂದಿತ್ತಲ್ಲ, ಅದೇ ಅಂತಾರೆ. ಇವಳಿಗೆ ಕತ್ತಲಲ್ಲಿ ಕೂರು ಅಂದ್ರೆ ಹುಚ್ಚು ಹಿಡಿದ ಹಾಗಾಗುತ್ತೆ. ನಿಮಗೆ ಇದರ ಅನುಭವ ಇದೆ. ಏನಾದ್ರೂ ದಾರಿ ಇದ್ರೆ ಹೇಳಿ."

ಆ ಹೆಂಗಸು ಇಳಿದು ಶಾಲು ಸರಿಸಿದರು. ಎರಡೂ ಕೆನ್ನೆ, ಮೂಗಿನ ಮೇಲೆ ಅದೇ ಕೆಂಪು. ಗುಮ್ಮಿ ಕೈಯಲ್ಲಿದ್ದ ಬೀಜದ ಬಟ್ಟಲನ್ನು ಬೆಂಚಿನ ಮೇಲಿಟ್ಟಳು.

ಅಪ್ಪ ಒಂದು ಕ್ಷಣ ಆ ಮುಖವನ್ನೇ ನೋಡಿದ. ಆಮೇಲೆ ಅವನ ದನಿ ಮೃದುವಾಯಿತು, ಎಳೆಯ ಸಸಿಗಳ ಹತ್ತಿರ ಆಡುವ ದನಿ. "ಹೆದರ್ಬೇಡಮ್ಮ. ದಾರಿ ಇದೆ. ಮಾತ್ರೆ ತಗೊಂಡು ಕೆಂಪು ಇಳೀಲಿ. ಆಮೇಲೆ ಮೋಡದ ದಿನ ನೋಡ್ಕೊಂಡು ಸ್ವಲ್ಪ ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನನ್ನ ಮಗಳಿಗೆ ನಾನು ಹಾಗೇ ಮಾಡಿದ್ದೆ. ಎಷ್ಟು ಚೆನ್ನಾಗಿ ಆಗಿದ್ಲು ಅಂದ್ರೆ, ನೀವೇ ನೋಡಿದೀರಲ್ಲ ಸಾಹುಕಾರ್ರೇ, ಕಪ್ಪ ಕಾಣಿಕೆ ಇಟ್ಟು ಹೋಗಿ ಅಂದಿದ್ದು? ನನ್ನ ಮಾತು ಕೇಳಿದ್ದಿದ್ರೆ ಇವತ್ತೂ ಇರ್ತಿದ್ಲು. ಕದ್ದು ಬಿಸಿಲಿಗೆ ಹೋಗಿ ಕೆಡಿಸ್ಕೊಂಡ್ಲು."

"ಡಾಕ್ಟ್ರು ಮೋಡದಲ್ಲೂ ಬೇಡ ಅಂತಾರಲ್ಲ?" ಎಂದರು ಆ ಹೆಂಗಸು.

"ಅವರು ಎಲ್ಲದಕ್ಕೂ ಬೇಡ ಅಂತಾರೆ. ನೀವು ಹೀಗೆ ಮುಂಗೈ ಒಡ್ಡಿ ನೋಡಿ," ಎಂದು ಅಪ್ಪ ತೋಳು ಮಡಿಚಿದ. "ಇಲ್ಲಿ ಬಿಸಿ ತಾಗದಿದ್ರೆ ಭಯವೇ ಇಲ್ಲ. ಇವತ್ತೇ ನೋಡಿ, ಎಂಥ ತಂಪು ಮೋಡ."

ಆ ಹೆಂಗಸು ಆಸೆಯಿಂದ ತನ್ನ ಕೈಯನ್ನೂ ಒಡ್ಡಿದರು. ಅವರ ಮುಖದಲ್ಲಿ ಮೂಡಿದ ಬೆಳಕನ್ನು ಗುಮ್ಮಿ ಮುಂಚೆ ಇನ್ನೊಂದು ಮುಖದಲ್ಲಿ ಕಂಡಿದ್ದಳು, ಒಳಕೋಣೆಯ ಬಾಗಿಲಲ್ಲಿ.

"ಬೇಡ," ಎಂದಳು ಗುಮ್ಮಿ.

ಯಾರಿಗೂ ಕೇಳಿಸಲಿಲ್ಲ. ಅವಳು ಬೆಂಚು ಬಿಟ್ಟು ಎದ್ದು ಬಂದು, ಆ ಹೆಂಗಸಿನ ಕೈ ಹಿಡಿದು, ಎಳೆದುಕೊಂಡು ಹೋಗಿ ಹಸಿರು ಪರದೆಯ ಕೆಳಗೆ ನಿಲ್ಲಿಸಿದಳು.

"ಏನೇ ಇದು?" ಎಂದ ಅಪ್ಪ ಹಿಂದೆಯೇ ಬಂದು.

"ಅಕ್ಕ ಬಿಸಿಲಿಗೆ ಹೋಗಿರ್ಲಿಲ್ಲ." ಮಾತು ಒಂದೊಂದಾಗಿ ಹೊರಬಿತ್ತು. "ಒಂದು ದಿನಾನೂ ಹೋಗಿರ್ಲಿಲ್ಲ ಅಪ್ಪ. ಟೆರೇಸಿನ ಬೀಗ ತುಕ್ಕು ಹಿಡಿದಿದೆ, ನೀನೇ ಹೋಗಿ ನೋಡು. ಮಧ್ಯಾಹ್ನ ನಾನು ಅವಳ ಜೊತೇಲೇ ಇರ್ತಿದ್ದೆ. ಅವಳು ಹೊರಗೆ ಕೂತಿದ್ದು ಮೋಡದಲ್ಲೇ. ಅಷ್ಟೇ."

ಅಪ್ಪ ಅವಳನ್ನು ನೋಡಿದ. ಮಡಿಚಿದ ತೋಳು ಹಾಗೇ ಇತ್ತು.

"ಹಾಗಾದ್ರೆ ಆಸ್ಪತ್ರೇಲಿ…"

"ನಿನಗೋಸ್ಕರ."

ಅಪ್ಪ ನಿಧಾನವಾಗಿ ತೋಳು ಇಳಿಸಿದ. ಆ ಹೆಂಗಸಿನ ಕಡೆ ತಿರುಗಿದ.

"ಮನೆಗೆ ಹೋಗಮ್ಮ," ಎಂದ. "ಶಾಲು ಪೂರ್ತಿ ಹೊದ್ಕೋ. ಡಾಕ್ಟ್ರು ಹೇಳಿದ ಹಾಗೆ ಕೇಳು. ಮೋಡ ಇದ್ರೂ ಬೇಡ. ನನಗೆ… ನನಗೆ ಗಿಡದ್ದು ಮಾತ್ರ ಗೊತ್ತು."

ವ್ಯಾನು ಹೋದ ಮೇಲೆ ಅವನು ಖಾಲಿ ಟ್ರೇಗಳ ರಾಶಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟ. ಗುಮ್ಮಿ ಅವನ ಎದುರಿಗೆ ಕೂತಳು. ಅಕ್ಕ ಹೆದರಿದ್ದ ಆ ಮುಖ ಈಗ ಅವಳ ಮುಂದಿತ್ತು. ಅದನ್ನು ನೋಡದೆ ಇರಲು ಅವಳು ಏನು ಬೇಕಾದರೂ ಕೊಡುತ್ತಿದ್ದಳು, ಆದರೆ ಕಣ್ಣು ತಿರುಗಿಸಲಿಲ್ಲ.

"ನಾನು ಅವಳ ಹತ್ರ ಮಾತಾಡ್ಲಿಲ್ಲ," ಎಂದ ಅಪ್ಪ. "ಕೊನೆವರೆಗೂ."

"ಕಾಲು ಒತ್ತಿದೆಯಲ್ಲಪ್ಪ."

"ಬೈದೆ. ಕಾಲು ಒತ್ತುತ್ತಾ ಬೈದೆ." ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡ, ಅವು ತನ್ನವಲ್ಲ ಎನ್ನುವಂತೆ. ಒಳಗಿಂದ ಅತ್ತೆ, "ಯಾರು ಬಂದಿದ್ರು ಅಣ್ಣ?" ಎಂದು ಕೇಳಿದಳು.

"ಮುಖ ಕೆಂಪಾಗಿತ್ತಾ?" ಎಂದ ಅಪ್ಪ. "ನಾನು ಹೊರಗೆ ಕೂರಿಸ್ತಿದ್ದಾಗ?"

ಗುಮ್ಮಿ ಹೌದೆಂದು ತಲೆಯಾಡಿಸಿದಳು.

"ನನಗ್ಯಾಕೆ ಕಾಣ್ಲಿಲ್ಲ?"

"ಪೌಡರ್ ಹಚ್ಕೊಳ್ತಿದ್ಲು. ನಾನು ನೋಡಿದ್ದೆ. ನಾನೂ ಹೇಳ್ಲಿಲ್ಲ."

ಅಪ್ಪ ಅವಳನ್ನು ಬೈಯುತ್ತಾನೆ ಎಂದು ಕಾದಳು. ಬೈದರೆ ಎಷ್ಟೋ ಹಗುರವಾಗುತ್ತಿತ್ತು, ಇಬ್ಬರಿಗೂ. ಅವನು ಬೈಯಲಿಲ್ಲ. ಬೆಳ್ಳಗಿನ ಆಕಾಶದ ಕೆಳಗೆ, ತಣ್ಣನೆಯ ಗಾಳಿಯಲ್ಲಿ, ಮಾತೇ ಆಡದ ಆ ಹುಡುಗಿಯ ಹತ್ತಿರಕ್ಕೆ ಇನ್ನಷ್ಟು ಸರಿದು ಕೂತ.

"ಮೊದಲನೇ ದಿನದಿಂದ ಹೇಳು," ಎಂದ. "ಏನೂ ಬಿಡ್ಬೇಡ."

ಗುಮ್ಮಿ ಹೇಳತೊಡಗಿದಳು. ಅಷ್ಟು ಉದ್ದಕ್ಕೆ ಅವಳು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. ಅವಳ ಮಾತು ಎಲ್ಲಿ ನಿಂತಿತೋ ಅಲ್ಲಿ ಅಪ್ಪ, "ಆಮೇಲೆ?" ಎನ್ನುತ್ತಿದ್ದ.